ಮಾನಸಿಕ ಕಾಯಿಲೆಯಿಂದ ಸೇನೆ ಬಿಟ್ಟವರ ದಾಖಲೆ ತಿದ್ದುಪಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಮಾಜಿ ಸೈನಿಕರೂ ಅವರ ಮನೆಯವರೂ ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇವೆ. ಉತ್ತರಗಳು ಮುಖ್ಯವಾಗಿ ಭೂಸೇನೆಯ ಜವಾನರನ್ನೂ ಜೆ.ಸಿ.ಒ.ಗಳನ್ನೂ (ಜೂನಿಯರ್ ಕಮಿಷನ್ಡ್ ಆಫೀಸರ್) ಕುರಿತವು. ವಾಯುಸೇನೆ ಮತ್ತು ನೌಕಾಸೇನೆಯಲ್ಲಿ ಕಚೇರಿಗಳ ಹೆಸರು ಬೇರೆಯಾದರೂ ದಾರಿ ಬಹುಮಟ್ಟಿಗೆ ಇದೇ ಆಗಿದೆ.

## ಮೊದಲು ತಿಳಿಯಬೇಕಾದದ್ದು

ನಮ್ಮ ತಮ್ಮನ ಡಿಸ್ಚಾರ್ಜ್ ಬುಕ್ಕಿನಾಗ ಮಾನಸಿಕ ಕಾಯಿಲೆ ಅಂತ ಬರದಾರ. ಅದನ್ನ ಅಳಿಸಿ ಹಾಕಸ್ಲಿಕ್ಕೆ ಬರ್ತದೇನ್ರಿ?

ಬಹುಪಾಲು ಜನ ಬರುವುದು ಈ ಕೋರಿಕೆ ಹಿಡಿದೇ. ಮದುವೆ, ನೌಕರಿ, ಊರಿನವರ ಬಾಯಿ ಎಲ್ಲವನ್ನೂ ನೆನೆದರೆ ಆ ಆಸೆ ಸಹಜವಾದದ್ದು. ಆದರೂ ನಾವು ಮೊದಲು ಹೇಳುವುದು ಕಾಯಿಲೆಯ ಹೆಸರನ್ನು ಅಳಿಸಲು ಹೋಗಬೇಡಿ ಎಂದೇ. ವೈದ್ಯಕೀಯ ಮಂಡಳಿ ರೋಗವನ್ನೇ ತಪ್ಪಾಗಿ ಗುರುತಿಸಿದ್ದರೆ ಮಾತು ಬೇರೆ. ಕಾಯಿಲೆ ನಿಜವಾಗಿದ್ದರೆ ಆ ಹೆಸರೇ ನಾಳೆ ಅಂಗವೈಕಲ್ಯ ಪಿಂಚಣಿಗೂ ಮಾಜಿ ಸೈನಿಕನೆಂಬ ಮಾನ್ಯತೆಗೂ ಆಧಾರವಾಗುತ್ತದೆ. ಅದನ್ನು ಕಿತ್ತುಹಾಕಿಸಿಕೊಂಡರೆ ಹಕ್ಕಿನ ಬೇರನ್ನೇ ನಾವು ಕಡಿದುಕೊಂಡಂತೆ.

ತಿದ್ದಿಸಬೇಕಾದದ್ದು ಸಾಮಾನ್ಯವಾಗಿ ಬೇರೆ ಸಾಲುಗಳು. ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂಬ ಮಂಡಳಿಯ ಅಭಿಪ್ರಾಯ ಒಂದು. ಕಾಯಿಲೆಯಿಂದಾದ ನಡತೆಯನ್ನು ಅಶಿಸ್ತು ಎಂದು ಬರೆದು ಬೇರೆ ನಿಯಮದಡಿ ಮನೆಗೆ ಕಳಿಸಿದ್ದು ಇನ್ನೊಂದು. ಅಂಗವೈಕಲ್ಯದ ಶೇಕಡಾವಾರನ್ನು ಕಡಿಮೆ ಹಾಕಿದ್ದು ಮತ್ತೊಂದು. ತಮ್ಮ ಕಾಗದದಲ್ಲಿ ಯಾವ ಸಾಲು ತಪ್ಪಾಗಿದೆ ಎಂದು ಬೆರಳಿಟ್ಟು ತೋರಿಸಲು ಬರುವವರೆಗೆ ಯಾವ ಅರ್ಜಿಯನ್ನೂ ಹಾಕದಿರುವುದು ಒಳ್ಳೆಯದು.

ಡಿಸ್ಚಾರ್ಜ್ ಬುಕ್ ಒಂದೇ ಅದ ನಮ್ಮ ಬಲ್ಲಿ. ಬ್ಯಾರೆ ಯಾವ ಕಾಗದ ಇರ್ತಾವ?

ಡಿಸ್ಚಾರ್ಜ್ ಬುಕ್ ಒಂದು ಸಾರಾಂಶ ಮಾತ್ರ. ಬಿಡುಗಡೆಯ ಕಾರಣ, ನಡತೆಯ ಷರಾ, ವೈದ್ಯಕೀಯ ದರ್ಜೆ ಅದರಲ್ಲಿ ಒಂದೊಂದು ಸಾಲಿನಲ್ಲಿ ಮುಗಿದಿರುತ್ತವೆ. ಆ ಸಾಲುಗಳು ಹುಟ್ಟಿದ ಮೂಲ ಕಾಗದಗಳು ರೆಕಾರ್ಡ್ಸ್ ಕಚೇರಿಯಲ್ಲಿರುತ್ತವೆ.

ಅವುಗಳಲ್ಲಿ ನಾಲ್ಕು ಮುಖ್ಯ. ಭರ್ತಿಯಾದಾಗಿನ ವೈದ್ಯಕೀಯ ತಪಾಸಣೆಯ ನಮೂನೆ ಎ.ಎಫ್.ಎಂ.ಎಸ್.ಎಫ್.-2ಎ (ಮುಂದೆ ನಮೂನೆ 2ಎ), ದರ್ಜೆ ಇಳಿಸಿದ ಮಂಡಳಿಯ ನಮೂನೆ 15, ಕೊನೆಯದಾಗಿ ಹೊರಗೆ ಕಳಿಸಿದ ಮಂಡಳಿಯ ನಡಾವಳಿ, ಅಂದರೆ ನಮೂನೆ 16, ಮನೋರೋಗದ ಪ್ರಕರಣಗಳಲ್ಲಿ ಮಾತ್ರ ಬರುವ ನಮೂನೆ 10. ಈ ಕೊನೆಯದನ್ನು ವೈದ್ಯರು ಬರೆಯುವುದಿಲ್ಲ, ಘಟಕದ ಕಮಾಂಡಿಂಗ್ ಆಫೀಸರ್ ಬರೆಯುತ್ತಾರೆ. ಜವಾನ ಮೊದಲು ಹೇಗಿದ್ದ, ಯಾವಾಗ ಬದಲಾದ, ಕೆಲಸದಲ್ಲಿ ಹೇಗಿದ್ದ ಎಂಬುದು ಅದರಲ್ಲಿ ಇರುತ್ತದೆ. ಮಂಡಳಿ "ಸಂಬಂಧವಿಲ್ಲ" ಎಂದು ಬರೆದಿದ್ದು, ಅದೇ ಕಡತದ ನಮೂನೆ 10ರಲ್ಲಿ "ಈ ಹಿಂದೆ ಉತ್ತಮ ಜವಾನ, ಇಲ್ಲಿಗೆ ಬಂದ ಮೇಲೆ ಒಂಟಿಯಾದ" ಎಂಬ ಅರ್ಥದ ಮಾತಿದ್ದರೆ, ನಿಮ್ಮ ವಾದದ ಅರ್ಧ ಭಾಗವನ್ನು ಸೇನೆಯೇ ಬರೆದುಕೊಟ್ಟಂತಾಯಿತು. ಆಶ್ಚರ್ಯವೆಂದರೆ, ಜನ ತರಿಸಿಕೊಳ್ಳುವುದನ್ನು ಮರೆಯುವುದೂ ಇದೇ ನಮೂನೆಯನ್ನು.

ಎಸ್-5 ಅಂತ ಬರದಾರ. ಹಂಗಂದ್ರ ಏನು?

ಸೇನೆಯ ವೈದ್ಯಕೀಯ ದರ್ಜೆಯನ್ನು ಶೇಪ್ ಎಂಬ ಐದು ಅಕ್ಷರಗಳಲ್ಲಿ ಬರೆಯುತ್ತಾರೆ. ಮೊದಲ ಅಕ್ಷರವಾದ ಎಸ್ ಮನಸ್ಸಿನ ಸ್ಥಿತಿಯನ್ನು ಸೂಚಿಸುತ್ತದೆ. ಉಳಿದವು ಕಿವಿ, ಕೈಕಾಲು, ದೇಹಬಲ ಮತ್ತು ಕಣ್ಣನ್ನು. ಅಂಕಿ 1 ಇದ್ದರೆ ಪೂರ್ತಿ ಸಮರ್ಥ, 5 ಇದ್ದರೆ ಸೇನೆಯ ಸೇವೆಗೆ ಯೋಗ್ಯನಲ್ಲ. ಎಸ್-5 ಎಂಬುದು ಸೇನೆಯ ಕೆಲಸಕ್ಕೆ ಸಂಬಂಧಿಸಿದ ತೀರ್ಮಾನ ಮಾತ್ರ. ಕಾನೂನಿನ ದೃಷ್ಟಿಯಲ್ಲಿ ಬುದ್ಧಿ ಸ್ವಾಧೀನದಲ್ಲಿಲ್ಲದವನು ಎಂದು ಅದರ ಅರ್ಥವಲ್ಲ. ಮಾನಸಿಕ ಕಾಯಿಲೆ ಇದೆಯೆಂದ ಮಾತ್ರಕ್ಕೆ, ಸಮರ್ಥ ನ್ಯಾಯಾಲಯ ಘೋಷಿಸದ ಹೊರತು, ಒಬ್ಬನನ್ನು ಹಾಗೆ ಪರಿಗಣಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಮು ಹೇಳುತ್ತದೆ. ಹೊಲದ ಪಾಲು ಕೇಳಲು ಹೋದಾಗ ಅಣ್ಣತಮ್ಮಂದಿರು ಡಿಸ್ಚಾರ್ಜ್ ಬುಕ್ ಮುಂದಿಟ್ಟು "ಇವನ ಸಹಿ ನಡೆಯಂಗಿಲ್ಲ" ಎಂದರೆ ಈ ಕಲಮನ್ನು ನೆನಪಿಸಿ.

ಇನ್‌ವ್ಯಾಲಿಡ್, ಡಿಸ್ಚಾರ್ಜ್, ಡಿಸ್ಮಿಸ್. ಮೂರೂ ಮನಿಗೆ ಕಳಿಸೋದೇ ಅಲ್ಲೇನ್ರಿ?

ಮನೆಗೆ ಬರುವುದು ಮೂರರಲ್ಲೂ ಒಂದೇ, ಹಕ್ಕು ಮಾತ್ರ ಒಂದೇ ಅಲ್ಲ. ಸೇನಾ ನಿಯಮಗಳು 1954ರ 13ನೇ ನಿಯಮದ ಕೋಷ್ಟಕದಲ್ಲಿ ಪ್ರತಿ ಬಗೆಯ ಬಿಡುಗಡೆಗೂ ಒಂದೊಂದು ಸ್ಥಾನವಿದೆ. ಪೂರ್ಣ ಸೈನಿಕನಾದವನನ್ನು ವೈದ್ಯಕೀಯವಾಗಿ ಅಯೋಗ್ಯನೆಂದು ಕಳಿಸುವುದು 13(3) III(iii)ರ ಅಡಿ, ಅದೂ ಇನ್‌ವ್ಯಾಲಿಡಿಂಗ್ ಬೋರ್ಡಿನ ಶಿಫಾರಸಿನ ಮೇಲೆ. ಸ್ವಂತ ಕೋರಿಕೆಯ ಮೇಲೆ ಬಿಡುವುದು III(iv). ಉಳಿದೆಲ್ಲ ಬಗೆಗಳು, ಅಶಿಸ್ತಿನವೂ ಸೇರಿದಂತೆ, III(v)ರಲ್ಲಿ ಬರುತ್ತವೆ. ಡಿಸ್ಮಿಸ್ ಎಂಬುದು ಶಿಕ್ಷೆ. ಅದರಲ್ಲಿ ಪಿಂಚಣಿ ಸಾಮಾನ್ಯವಾಗಿ ಕೈಬಿಟ್ಟು ಹೋಗುತ್ತದೆ.

ವೈದ್ಯಕೀಯ ದರ್ಜೆ ಇಳಿದ ಜವಾನನನ್ನು ಇನ್‌ವ್ಯಾಲಿಡಿಂಗ್ ಬೋರ್ಡಿನ ಮುಂದೆ ನಿಲ್ಲಿಸದೆ ಬೇರೆ ಉಪನಿಯಮದಡಿ ಕಳಿಸಿದ್ದು ಸರಿಯಲ್ಲವೆಂದು ಸುಪ್ರೀಂ ಕೋರ್ಟ್ 2008ರ ರಾಜ್‌ಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಡಿಸ್ಚಾರ್ಜ್ ಬುಕ್ಕಿನಲ್ಲಿ ಯಾವ ನಿಯಮದ ಸಂಖ್ಯೆ ಇದೆ ಎಂಬುದನ್ನು ಮೊದಲು ನೋಡಿ.

## ಕಾಗದಪತ್ರ ಕೂಡಿಹಾಕುವುದು

ಎಲ್ಲಿ ಬರದು ಕೇಳಬೇಕು? ದಿಲ್ಲಿಗೇನು?

ದೆಹಲಿಗಲ್ಲ, ತಮ್ಮ ರೆಜಿಮೆಂಟಿನ ಅಥವಾ ಕೋರಿನ ರೆಕಾರ್ಡ್ಸ್ ಕಚೇರಿಗೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟಿನವರಿಗೆ ವೆಲ್ಲಿಂಗ್ಟನ್, ಇ.ಎಂ.ಇ.ಯವರಿಗೆ ಸಿಕಂದರಾಬಾದ್, ಸಿಗ್ನಲ್ಸ್‌ನವರಿಗೆ ಜಬಲ್ಪುರ, ಆರ್ಟಿಲರಿಯವರಿಗೆ ನಾಸಿಕ್. ವಾಯುಸೇನೆಯ ದಾಖಲೆ ಕಚೇರಿ ಮಾತ್ರ ದೆಹಲಿಯಲ್ಲಿದೆ. ಬೀದರಿನ ವಾಯುಸೇನಾ ನೆಲೆಗೆ ಹೋಗಿ ಕೇಳಿದರೆ ಕಾಗದ ಸಿಗುವುದಿಲ್ಲ. ಹಾಗೆ ತಿರುಗಿ ದಣಿದವರಿದ್ದಾರೆ.

ಮೊದಲು ಸೇನಾ ಸಂಖ್ಯೆ, ಹುದ್ದೆ, ಹೆಸರು, ಘಟಕ, ಬಿಡುಗಡೆಯ ದಿನಾಂಕ ಬರೆದು ಒಂದು ಸರಳ ಪತ್ರ ಕಳಿಸಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳಲ್ಲಿ ಅಲ್ಲಿಯೇ ಮೊದಲ ಮೇಲ್ಮನವಿ. "ನನ್ನ ಎಲ್ಲ ದಾಖಲೆ ಕೊಡಿ" ಎಂದು ಬರೆದರೆ ಡಿಸ್ಚಾರ್ಜ್ ಬುಕ್ಕಿನ ಇನ್ನೊಂದು ಪ್ರತಿ ಬಂದು ಕೂಡುತ್ತದೆ. ನಮೂನೆ 2ಎ, 10, 15, 16, ಶೀಟ್ ರೋಲ್ (ಸೇವಾ ವಿವರದ ಹಾಳೆ), ಆಸ್ಪತ್ರೆಯ ಕೇಸ್ ಶೀಟ್, ಪಿಂಚಣಿ ತಿರಸ್ಕರಿಸಿದ ಪತ್ರ ಎಂದು ಒಂದೊಂದನ್ನೂ ಹೆಸರಿಸಿ ಕೇಳಬೇಕು. ತನ್ನ ವೈದ್ಯಕೀಯ ದಾಖಲೆಯನ್ನು ಪಡೆಯುವ ಹಕ್ಕನ್ನು 2017ರ ಕಾಯ್ದೆಯ 25ನೇ ಕಲಮೂ ಕೊಟ್ಟಿದೆ. ಪತ್ರದಲ್ಲಿ ಅದನ್ನೂ ಉಲ್ಲೇಖಿಸಿ.

"25 ವರ್ಷ ಆಗ್ಯದ, ದಾಖಲೆ ನಾಶ ಮಾಡೀವಿ" ಅಂತ ಉತ್ತರ ಬಂದದ. ಈಗೇನು ಮಾಡೋದು?

ಪಿಂಚಣಿ ಇಲ್ಲದೆ ಹೋದವರ ಸೇವಾ ದಾಖಲೆಗಳನ್ನು 25 ವರ್ಷಗಳ ನಂತರ ನಾಶಮಾಡುವ ನಿಯಮವಿರುವುದು ನಿಜ. ಆದರೆ ಲಾಂಗ್ ರೋಲ್ ಎಂಬ ದಪ್ಪ ರಿಜಿಸ್ಟರನ್ನು ಶಾಶ್ವತವಾಗಿ ಇಟ್ಟಿರುತ್ತಾರೆ. ಅದರಲ್ಲಿ ಭರ್ತಿ, ಬಿಡುಗಡೆಯ ದಿನಾಂಕ, ಕಾರಣ ಇಷ್ಟಾದರೂ ಸಿಗುತ್ತದೆ. ಅದರ ದೃಢೀಕೃತ ಪ್ರತಿಯನ್ನು ಕೇಳಿ. ನಾಶಮಾಡಿದ್ದೇವೆ ಎಂಬ ಪತ್ರವನ್ನೂ ಜೋಪಾನ ಮಾಡಿ, ಮುಂದೆ ವಾದದಲ್ಲಿ ಬೇಕಾಗುತ್ತದೆ. ಮನೆಯ ಟ್ರಂಕಿನಲ್ಲಿರುವ ಹಳೆಯ ರಜೆ ಚೀಟಿ, ಮನಿಯಾರ್ಡರ್ ರಸೀದಿ, ಘಟಕದ ವಿಳಾಸವಿರುವ ಲಕೋಟೆ ಯಾವುದನ್ನೂ ಎಸೆಯಬೇಡಿ. ಎಲ್ಲಿ, ಯಾವಾಗ ಸೇವೆಯಲ್ಲಿದ್ದರು ಎಂಬುದಕ್ಕೆ ಕೆಲವೊಮ್ಮೆ ಅಂಚೆಯ ಮುದ್ರೆಯೊಂದೇ ಸಾಕ್ಷಿಯಾಗಿ ಉಳಿದಿರುತ್ತದೆ.

ಊರಿಗೆ ಬಂದ ಮ್ಯಾಲ ದವಾಖಾನಿಗೆ ತೋರಿಸಿಲ್ರಿ. ಗಾಣಗಾಪುರಕ್ಕ, ದರ್ಗಾಕ್ಕ ಕರಕೊಂಡು ಹೋಗಿದ್ವಿ. ಇದು ನಮಗ ಅಡ್ಡ ಬರ್ತದೇನು?

ಈ ಭಾಗದಲ್ಲಿ ಇದು ಅಪರೂಪದ ಕಥೆಯಲ್ಲ, ನಾಚಿಕೆಯ ವಿಷಯವೂ ಅಲ್ಲ. ಕಷ್ಟವೇನೆಂದರೆ ಆ ವರ್ಷಗಳಿಗೆ ಕಾಗದವಿರುವುದಿಲ್ಲ. ಕಾಯಿಲೆ ಆಗಲೇ ವಾಸಿಯಾಗಿತ್ತು ಎಂದು ಎದುರು ಪಕ್ಷ ವಾದಿಸಬಹುದು. ಇದ್ದದ್ದನ್ನು ಇದ್ದಂತೆಯೇ ಪ್ರಮಾಣಪತ್ರದಲ್ಲಿ ಬರೆಯಿರಿ: ಯಾವ ವರ್ಷದಿಂದ ಯಾವ ವರ್ಷದವರೆಗೆ ಎಲ್ಲಿಗೆ ಕರೆದೊಯ್ದಿರಿ, ಆಗ ಅವರ ನಡೆ ಹೇಗಿತ್ತು, ಆಸ್ಪತ್ರೆಗೆ ಏಕೆ ಹೋಗಲಿಲ್ಲ ಎಂದು. ಮನೆಯವರಲ್ಲದ ಒಬ್ಬರು, ಉದಾಹರಣೆಗೆ ಶಾಲೆಯ ಮಾಸ್ತರರು ಅಥವಾ ಅಕ್ಕಪಕ್ಕದ ಹೊಲದವರು, ತಾವು ಕಂಡದ್ದನ್ನು ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಇಂದಿನಿಂದಾದರೂ ಚಿಕಿತ್ಸೆಯ ಕಾಗದ ಕೂಡತೊಡಗಲಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಆಸ್ಪತ್ರೆಗಳಿಗೆ ತೋರಿಸಬಹುದು. ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಗಾಣಗಾಪುರಕ್ಕೆ ಹೋಗುವುದನ್ನು ಬಿಡಿ ಎಂದು ನಾವು ಹೇಳುವುದಿಲ್ಲ, ಗುಳಿಗೆ ಬಿಡಬೇಡಿ ಎನ್ನುತ್ತೇವೆ.

ಹೆಸರಿನ ಸ್ಪೆಲ್ಲಿಂಗ್ ಒಂದೊಂದು ಕಾಗದದಾಗ ಒಂದೊಂದು ನಮೂನಿ ಅದ.

ಇದು ಚಿಕ್ಕ ತಿದ್ದುಪಡಿ, ಆದರೆ ಮೊದಲೇ ಮಾಡಿಸಿ. ಮರಾಠಿ ಅಥವಾ ಉರ್ದು ಶಾಲೆಯ ದಾಖಲೆಯಿಂದ ಬಂದ ಹೆಸರು ಆಧಾರ್‌ನಲ್ಲಿ ಬೇರೆಯಾಗಿರುವುದು ಇಲ್ಲಿ ಮಾಮೂಲು. ಪ್ರಮಾಣಪತ್ರ, ಆಧಾರ್ ಮತ್ತು ಶಾಲಾ ದಾಖಲೆಯೊಂದಿಗೆ ರೆಕಾರ್ಡ್ಸ್ ಕಚೇರಿಗೆ ಬರೆಯಿರಿ. ಕನ್ನಡ, ಮರಾಠಿ, ಉರ್ದು ಕಾಗದಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿಯ ಸಹಿ ಹಾಕಿಸಿ.

## ಸೇವೆಗೂ ಕಾಯಿಲೆಗೂ ಇರುವ ಸಂಬಂಧ

ಬೋರ್ಡಿನವರು "ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ" ಅಂತ ಬರದಾರ. ಅದನ್ನ ಬದಲಸಬಹುದೇನು?

ಇಡೀ ವ್ಯವಹಾರದ ತಿರುಳು ಈ ಒಂದು ಸಾಲಿನಲ್ಲಿದೆ. 1961ರ ಸೇನಾ ಪಿಂಚಣಿ ನಿಯಮಾವಳಿಯ 173ನೇ ನಿಯಮದ ಪ್ರಕಾರ ಅಂಗವೈಕಲ್ಯ ಪಿಂಚಣಿಗೆ ಎರಡು ಷರತ್ತುಗಳಿವೆ: ಅಂಗವೈಕಲ್ಯವು ಸೇನಾ ಸೇವೆಯಿಂದ ಉಂಟಾಗಿರಬೇಕು ಅಥವಾ ಉಲ್ಬಣಗೊಂಡಿರಬೇಕು, ಮತ್ತು ಅದು ಶೇ 20ಕ್ಕೆ ಕಡಿಮೆ ಇರಬಾರದು. ಮೊದಲ ಷರತ್ತಿನಲ್ಲಿ "ಅಥವಾ" ಎಂಬುದನ್ನು ಗಮನಿಸಿ. ಕಾಯಿಲೆಯ ಬೀಜ ಮೊದಲೇ ಇತ್ತೆಂದು ಒಪ್ಪಿಕೊಂಡರೂ, ಸೇವೆಯ ಒತ್ತಡದಿಂದ ಅದು ಹೆಚ್ಚಿತೆಂದು ತೋರಿಸಿದರೆ ಸಾಕು.

ಈಗ ನಮೂನೆ 16ನ್ನು ಎದುರಿಗಿಟ್ಟುಕೊಳ್ಳಿ. ಸೇವೆಗೂ ಕಾಯಿಲೆಗೂ ಸಂಬಂಧ ಕೇಳುವ ಕಾಲಮಿನ ಮುಂದೆ "ಇಲ್ಲ" ಎಂದಿರುತ್ತದೆ. ಅದರ ಪಕ್ಕದಲ್ಲಿ ಕಾರಣ ಬರೆಯಬೇಕಾದ ಜಾಗದಲ್ಲಿ ಬಹಳಷ್ಟು ಸಲ "ಕಾನ್‌ಸ್ಟಿಟ್ಯೂಷನಲ್ ಡಿಸಾರ್ಡರ್", ಅಂದರೆ ಹುಟ್ಟುಗುಣದ ತೊಂದರೆ, ಎಂಬ ಎರಡೇ ಪದಗಳಿರುತ್ತವೆ. ಆ ಎರಡು ಪದ ತೀರ್ಮಾನವೇ ಹೊರತು ಕಾರಣವಲ್ಲ. ಯಾವ ಲಕ್ಷಣದಿಂದ, ಮನೆತನದ ಯಾವ ಚರಿತ್ರೆಯಿಂದ ಆ ತೀರ್ಮಾನಕ್ಕೆ ಬಂದರು ಎಂದು ಬರೆದಿಲ್ಲವಾದರೆ ಅದೇ ನಿಮ್ಮ ಮೊದಲ ಆಕ್ಷೇಪ.

ಎರಡನೆಯ ಆಕ್ಷೇಪ ನಮೂನೆ 2ಎಯಿಂದ ಹುಟ್ಟುತ್ತದೆ. ಭರ್ತಿಯ ದಿನ ಸೇನೆಯ ವೈದ್ಯರೇ ಪರೀಕ್ಷಿಸಿ ಯಾವ ಕಾಯಿಲೆಯನ್ನೂ ನಮೂದಿಸದೆ ತೆಗೆದುಕೊಂಡಿದ್ದರೆ, ಆಗ ಅವನು ಆರೋಗ್ಯವಂತನಿದ್ದನೆಂದು ಭಾವಿಸಬೇಕು, ಹಾಗಲ್ಲವೆಂದು ತೋರಿಸುವ ಹೊಣೆ ಸೇನೆಯದು, ಸಂಶಯವಿದ್ದರೆ ಅದರ ಲಾಭ ಜವಾನನಿಗೆ ಎಂಬುದು 1982ರ ಅರ್ಹತಾ ನಿಯಮಗಳ ತತ್ತ್ವ. ಮೂರನೆಯದು ಸೇವೆಯ ಜಾಗಗಳ ಪಟ್ಟಿ. ಕಾಯಿಲೆ ಕಾಣಿಸಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಕಾಶ್ಮೀರ, ಈಶಾನ್ಯ, ಎತ್ತರದ ಹಿಮಪ್ರದೇಶ, ರಜೆ ಸಿಗದ ಠಾಣ್ಯಗಳಲ್ಲಿ ಇದ್ದದ್ದನ್ನು ತಿಂಗಳುವಾರು ಬರೆದು ನಮೂನೆ 10ರ ಮಾತಿಗೆ ಜೋಡಿಸಿ.

1982ರ ನಿಯಮಗಳ ಜಾಗದಲ್ಲಿ 2008ರಲ್ಲಿ ಹೊಸವು ಬಂದವು. ಅವುಗಳ ಜಾಗದಲ್ಲಿ 2023ರ ಸೆಪ್ಟೆಂಬರ್ 21ರಿಂದ ಮತ್ತೆ ಹೊಸವು ಜಾರಿಯಾದವು. ಬಿಡುಗಡೆಯ ದಿನ ಯಾವುದು ಜಾರಿಯಲ್ಲಿತ್ತೋ ಅದನ್ನೇ ಅರ್ಜಿಯಲ್ಲಿ ಉಲ್ಲೇಖಿಸಬೇಕು. 2008ರ ನಿಯಮಗಳಲ್ಲಿ, ಬಿಡುಗಡೆಯಾಗಿ 15 ವರ್ಷ ಕಳೆದ ಮೇಲೆ ಬೇಡಿಕೆ ಇಟ್ಟರೆ ಸಾಬೀತು ಮಾಡುವ ಹೊಣೆ ಅರ್ಜಿದಾರನ ಮೇಲೆ ಬೀಳುತ್ತದೆ ಎಂಬುದನ್ನೂ ಮರೆಯಬಾರದು.

ಸುಪ್ರೀಂ ಕೋರ್ಟ್ ನಮ್ಮ ಕಡಿ ಹೇಳ್ಯದೋ, ಸರ್ಕಾರದ ಕಡಿ ಹೇಳ್ಯದೋ?

ಎರಡೂ ಕಡೆ ಹೇಳಿದೆ. "ಕೇಸು ಗೆದ್ದೇ ಗೆಲ್ತೀರಿ" ಎಂದು ಯಾರಾದರೂ ಭರವಸೆ ಕೊಟ್ಟರೆ ಸ್ವಲ್ಪ ದೂರವಿರಿ.

2013ರ ಧರ್ಮವೀರ್ ಸಿಂಗ್ ತೀರ್ಪು ಜವಾನರಿಗೆ ದೊಡ್ಡ ಆಧಾರ. ಅದು ಮೂರ್ಛೆರೋಗದ ಪ್ರಕರಣವಾದರೂ, ಭರ್ತಿಯಲ್ಲಿ ನಮೂದಾಗದ ಕಾಯಿಲೆಯ ಬಗ್ಗೆ ಮಂಡಳಿ ಕಾರಣ ಕೊಡಲೇಬೇಕೆಂಬ ತತ್ತ್ವ ಎಲ್ಲ ಕಾಯಿಲೆಗಳಿಗೂ ಅನ್ವಯಿಸುವಂತಿದೆ. ಅದೇ ವರ್ಷದ ವೀರ್ ಪಾಲ್ ಸಿಂಗ್ ಪ್ರಕರಣ ನೇರವಾಗಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗದ್ದು. ಮಂಡಳಿಯ ಅಭಿಪ್ರಾಯವನ್ನು ಕಣ್ಣುಮುಚ್ಚಿ ಒಪ್ಪದೆ ಮರುಪರಿಶೀಲನಾ ವೈದ್ಯಕೀಯ ಮಂಡಳಿಗೆ ಕಳಿಸುವಂತೆ ನ್ಯಾಯಾಲಯ ಹೇಳಿತು. 2025ರ ರಾಜುಮೋನ್ ಪ್ರಕರಣದಲ್ಲಿ, ಕಾರಣಗಳಿಲ್ಲದ ಮಂಡಳಿಯ ವರದಿಯನ್ನು ಆಧಾರವಾಗಿಟ್ಟುಕೊಂಡು ಸ್ಕಿಜೋಫ್ರೇನಿಯಾದ ಜವಾನನಿಗೆ ಪಿಂಚಣಿ ನಿರಾಕರಿಸುವಂತಿಲ್ಲ ಎಂದಿತು.

ಇನ್ನೊಂದು ಕಡೆ, 2009ರ ದಾಮೋದರನ್ ತೀರ್ಪು ವೈದ್ಯಕೀಯ ಮಂಡಳಿಯ ಅಭಿಪ್ರಾಯಕ್ಕೆ ಹೆಚ್ಚಿನ ತೂಕ ಕೊಟ್ಟಿತು. 2019ರ ನರಸಿಂಗ್ ಯಾದವ್ ತೀರ್ಪು, ಸ್ಕಿಜೋಫ್ರೇನಿಯಾದಂಥ ಕಾಯಿಲೆಯನ್ನು ಭರ್ತಿಯ ತಪಾಸಣೆಯಲ್ಲಿ ಕಂಡುಹಿಡಿಯಲು ಆಗದಿರಬಹುದು, ಆದ್ದರಿಂದ ನಮೂದಾಗಿಲ್ಲ ಎಂದ ಮಾತ್ರಕ್ಕೆ ಪಿಂಚಣಿ ತಾನಾಗಿ ಬರುವುದಿಲ್ಲ ಎಂದಿತು. ಇವೆರಡೂ ಸ್ಕಿಜೋಫ್ರೇನಿಯಾದ ಪ್ರಕರಣಗಳೇ.

ಇವನ್ನು ಒಟ್ಟಿಗೆ ಓದಿದಾಗ ನಮಗೆ ಕಾಣುವುದು ಇಷ್ಟು: ಭರ್ತಿಯ ಕಾಗದ ಸ್ವಚ್ಛವಾಗಿದೆ ಎಂಬ ಒಂದೇ ಕಂಬದ ಮೇಲೆ ಅರ್ಜಿ ನಿಲ್ಲಿಸಬಾರದು. ಮಂಡಳಿ ಕಾರಣ ಬರೆದಿಲ್ಲ ಎಂಬುದನ್ನೂ, ಸೇವೆಯ ಯಾವ ಒತ್ತಡದ ನಂತರ ಕಾಯಿಲೆ ಎದ್ದಿತು ಎಂಬುದನ್ನೂ ಅದಕ್ಕೆ ಸೇರಿಸಬೇಕು.

ಖಾಸಗಿ ಡಾಕ್ಟರು "ಈತ ಈಗ ಆರಾಮ ಇದ್ದಾನ" ಅಂತ ಸರ್ಟಿಫಿಕೇಟ್ ಕೊಟ್ಟಾರ. ಅದು ಸಾಕೇನು?

ಸಾಲದು, ಕೆಲವೊಮ್ಮೆ ಅಪಾಯವೂ ಹೌದು. ಈಗ ಪೂರ್ತಿ ಆರಾಮ ಎಂದು ಬರೆಸಿಕೊಂಡು ಅದರ ಜೊತೆಗೆ ಅಂಗವೈಕಲ್ಯ ಪಿಂಚಣಿ ಕೇಳಿದರೆ ಎರಡು ಮಾತು ಪರಸ್ಪರ ಹೊಡೆದಾಡುತ್ತವೆ. ಹೊರಗಿನ ವೈದ್ಯರ ಅಭಿಪ್ರಾಯ ಮಂಡಳಿಯ ಅಭಿಪ್ರಾಯವನ್ನು ರದ್ದು ಮಾಡುವುದಿಲ್ಲ. ಮರುಪರಿಶೀಲನಾ ಮಂಡಳಿ ಬೇಕೆಂದು ಕೇಳಲು ಅದು ಆಧಾರವಾಗಬಹುದು. ಹಾಗಾಗಿ ವೈದ್ಯರಿಂದ ಬರೆಸಬೇಕಾದದ್ದು ಯಾವಾಗಿನಿಂದ ಚಿಕಿತ್ಸೆ, ಯಾವ ರೋಗ, ಯಾವ ಔಷಧ, ದಿನನಿತ್ಯದ ಕೆಲಸಕ್ಕೆ ಎಷ್ಟು ಅಡ್ಡಿ ಎಂಬುದನ್ನು.

ಶೇ 15 ಹಾಕ್ಯಾರ. 20 ಇಲ್ಲ ಅಂದ್ರ ಏನೂ ಬರಂಗಿಲ್ಲ ಅಂತಾರ. ಖರೇನಾ?

ಪೂರ್ತಿ ಖರೆಯಲ್ಲ. ಸೇವೆಯಲ್ಲಿ ಉಳಿಸಿಕೊಳ್ಳಲಾಗದಷ್ಟು ಅಂಗವೈಕಲ್ಯವಿದೆಯೆಂದು ಹೊರಗೆ ಕಳಿಸಿದ ಮೇಲೆ ಅದನ್ನು ಶೇ 20ಕ್ಕಿಂತ ಹೆಚ್ಚೆಂದೇ ಭಾವಿಸಬೇಕೆಂದು 2014ರ ಸುಖ್ವಿಂದರ್ ಸಿಂಗ್ ತೀರ್ಪು ಹೇಳಿದೆ. ಅರ್ಹತೆ ಸಿಕ್ಕ ಮೇಲೆ ದುಂಡಾಗಿಸುವ ಲೆಕ್ಕವೂ ಇದೆ: 50ಕ್ಕಿಂತ ಕಡಿಮೆ ಇದ್ದರೆ 50, 50ರಿಂದ 75 ಇದ್ದರೆ 75, ಅದಕ್ಕೂ ಮೇಲಿದ್ದರೆ 100. ಇನ್‌ವ್ಯಾಲಿಡ್ ಆದವರಿಗೆ ಮಾತ್ರವಿದ್ದ ಈ ಲಾಭವನ್ನು, ಅಂಗವೈಕಲ್ಯವಿದ್ದೂ ಅವಧಿ ಮುಗಿಸಿ ನಿವೃತ್ತರಾದವರಿಗೂ 2014ರ ಡಿಸೆಂಬರಿನ ರಾಮ್ ಅವತಾರ್ ತೀರ್ಪು ವಿಸ್ತರಿಸಿತು.

## ಅರ್ಜಿ, ಮೇಲ್ಮನವಿ, ನ್ಯಾಯಮಂಡಳಿ

ಅರ್ಜಿನಾಗ ಏನಂತ ಬರೀಬೇಕು? ಯಾರಿಗೆ ಕಳಿಸ್ಬೇಕು?

ಪಿಂಚಣಿ ತಿರಸ್ಕರಿಸಿದ ಪತ್ರ ಬಂದ ಆರು ತಿಂಗಳೊಳಗೆ ರೆಕಾರ್ಡ್ಸ್ ಕಚೇರಿಯ ಮೂಲಕ ಮೊದಲ ಮೇಲ್ಮನವಿ ಸಮಿತಿಗೆ, ಅಲ್ಲಿಯೂ ತಿರಸ್ಕೃತವಾದರೆ ಮತ್ತೆ ಆರು ತಿಂಗಳೊಳಗೆ ಎರಡನೆಯ ಸಮಿತಿಗೆ ಮೇಲ್ಮನವಿ ಹಾಕಬೇಕು. ಅರ್ಜಿ ಎರಡು ಪುಟ ಮೀರದಿರಲಿ. ದೇಶಸೇವೆಯ ವರ್ಣನೆಗಿಂತ ಇಂಥ ಸಾಲುಗಳು ಕೆಲಸ ಮಾಡುತ್ತವೆ: "ನಮೂನೆ 2ಎಯಲ್ಲಿ ನನಗೆ ಯಾವ ಮಾನಸಿಕ ಕಾಯಿಲೆಯೂ ನಮೂದಾಗಿಲ್ಲ. ನಮೂನೆ 10ರಲ್ಲಿ ಕಮಾಂಡಿಂಗ್ ಆಫೀಸರ್ ನನ್ನ ಹಿಂದಿನ ಸೇವೆಯನ್ನು ತೃಪ್ತಿಕರ ಎಂದಿದ್ದಾರೆ. ನಮೂನೆ 16ರಲ್ಲಿ ಸಂಬಂಧವಿಲ್ಲ ಎಂಬುದಕ್ಕೆ ಕಾರಣ ಕೊಟ್ಟಿಲ್ಲ. ಆದ್ದರಿಂದ ಆ ಅಭಿಪ್ರಾಯವನ್ನು ಮಾರ್ಪಡಿಸಿ, ಇಲ್ಲವೇ ಮರುಪರಿಶೀಲನಾ ವೈದ್ಯಕೀಯ ಮಂಡಳಿಯನ್ನು ನೇಮಿಸಬೇಕೆಂದು ಕೋರುತ್ತೇನೆ." ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಸಿ, ಸ್ಪೀಡ್ ಪೋಸ್ಟ್ ರಸೀದಿಯನ್ನು ಅರ್ಜಿಯ ಪ್ರತಿಗೆ ಪಿನ್ ಹಾಕಿ ಇಟ್ಟುಕೊಳ್ಳಿ.

ಕಲಬುರಗಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಅರ್ಜಿ ಬರೆಯಲು ನೆರವು ಕೇಳಬಹುದು. ದಾಖಲೆ ತಿದ್ದುವ ಅಧಿಕಾರ ಆ ಕಚೇರಿಗಿಲ್ಲ, ಮುಂದಕ್ಕೆ ಕಳಿಸಬಲ್ಲದು ಅಷ್ಟೇ.

ಇಪ್ಪತ್ತು ವರ್ಷ ಆಗ್ಯಾವ. ಈಗ ಹಾಕಿದ್ರ ನಡೀತದೇನು?

ಪಿಂಚಣಿಯ ವಿಷಯವಾದರೆ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. ಪ್ರತಿ ತಿಂಗಳೂ ಬರಬೇಕಾದದ್ದು ಬಾರದಿರುವುದು ಮುಂದುವರಿಯುತ್ತಿರುವ ಅನ್ಯಾಯವೆಂದು 2008ರ ತರ್ಸೇಮ್ ಸಿಂಗ್ ತೀರ್ಪು ಒಪ್ಪಿದೆ. ಆದರೆ ಹಿಂಬಾಕಿಯನ್ನು ಸಾಮಾನ್ಯವಾಗಿ ಅರ್ಜಿ ಹಾಕುವ ಮುಂಚಿನ ಮೂರು ವರ್ಷಗಳಿಗೆ ಸೀಮಿತಗೊಳಿಸುತ್ತಾರೆ. ತಡಮಾಡಿದಷ್ಟೂ ಹಣ ಕರಗುತ್ತದೆ ಎಂದರ್ಥ. ಬಿಡುಗಡೆಯ ಆದೇಶವನ್ನೇ, ಅಂದರೆ ಡಿಸ್ಮಿಸ್ ಅಥವಾ ಅಶಿಸ್ತಿನ ಡಿಸ್ಚಾರ್ಜನ್ನೇ, ಪ್ರಶ್ನಿಸುವುದಾದರೆ ಈ ರಿಯಾಯಿತಿ ಸುಲಭವಾಗಿ ಸಿಗದು. ತಡವಾದದ್ದಕ್ಕೆ ಕಾಯಿಲೆಯೇ ಕಾರಣವೆಂದು ಚಿಕಿತ್ಸೆಯ ಕಾಗದದೊಂದಿಗೆ ವಿವರಿಸಿ, ವಿಳಂಬ ಮನ್ನಿಸುವಂತೆ ಪ್ರತ್ಯೇಕ ಅರ್ಜಿ ಹಾಕಬೇಕು.

ಕೇಸು ಹಾಕಲಿಕ್ಕೆ ಕೊಚ್ಚಿಗೆ ಹೋಗಬೇಕಂತ. ಕಲಬುರಗಿನಾಗೇ ಹೈಕೋರ್ಟ್ ಅದ ಅಲ್ಲ?

ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆ 2007ರ 14ನೇ ಕಲಮಿನಡಿ ಸೇವಾ ವಿಷಯಗಳು ಆ ನ್ಯಾಯಮಂಡಳಿಗೆ ಸೇರುತ್ತವೆ. ಕರ್ನಾಟಕವು ಅದರ ಕೊಚ್ಚಿ ಪ್ರಾದೇಶಿಕ ಪೀಠದ ವ್ಯಾಪ್ತಿಯಲ್ಲಿದೆ. ಮೇಲ್ಮನವಿಯ ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಹೋಗಬೇಕು. ಮೇಲ್ಮನವಿಗೆ ಆರು ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅದಾದ ಮುಂದಿನ ಆರು ತಿಂಗಳೊಳಗೆ ಹೋಗಬಹುದು. ವಕೀಲರಿದ್ದರೆ ಪ್ರತಿ ತಾರೀಖಿಗೂ ಕಾಯಿಲೆಯವರನ್ನು ರೈಲು ಹತ್ತಿಸಬೇಕಾಗಿಲ್ಲ.

ಕಲಬುರಗಿಯಲ್ಲಿ ಹೈಕೋರ್ಟ್ ಪೀಠ 2008ರಿಂದ ಇದೆ, 2013ರಿಂದ ಅದು ಕಾಯಂ ಪೀಠ. ನ್ಯಾಯಮಂಡಳಿಯ ಆದೇಶದ ವಿರುದ್ಧ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ಹಕ್ಕು ಇದೆಯೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ. ಆದರೆ ನ್ಯಾಯಮಂಡಳಿಯನ್ನು ಬಿಟ್ಟು ಮೊದಲೇ ಇಲ್ಲಿಗೆ ಬಂದರೆ, ಅಲ್ಲಿಗೇ ಹೋಗಿ ಎಂದು ಹಿಂದಕ್ಕೆ ಕಳಿಸುವ ಸಾಧ್ಯತೆಯೇ ಹೆಚ್ಚು.

ವಕೀಲರಿಗೆ ಕೊಡ್ಲಿಕ್ಕೆ ರೊಕ್ಕ ಇಲ್ಲ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಅಂಗವಿಕಲರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಸೈನಿಕ ಕುಟುಂಬಗಳಿಗಾಗಿಯೇ 2025ರ ಜುಲೈನಲ್ಲಿ ವೀರ ಪರಿವಾರ ಸಹಾಯತಾ ಯೋಜನೆ ಆರಂಭವಾಗಿದೆ. ಅದರ ಹೆಸರು ಹೇಳಿ ಕೇಳಿ. ಹಿಂಬಾಕಿಯಲ್ಲಿ ಇಷ್ಟು ಪಾಲು ಎಂದು ಮಾತಾಡಿಕೊಂಡು ಕೇಸು ಹಿಡಿಯುವ ದಲ್ಲಾಳಿಗಳಿಗೆ ಮೂಲ ಡಿಸ್ಚಾರ್ಜ್ ಬುಕ್ಕನ್ನು ಎಂದೂ ಕೈಗೆ ಕೊಡಬೇಡಿ.

## ತೊಡಕಿನ ಪ್ರಕರಣಗಳು

ಕಾಯಿಲೆ ಅಂತ ಅಲ್ರಿ, ನಾಲ್ಕು ರೆಡ್ ಇಂಕ್ ಎಂಟ್ರಿ ಅಂತ ಕಳಿಸ್ಯಾರ. ಆದ್ರ ಅವಾಗೇ ಆತಗ ತಲಿ ಸರಿ ಇರಲಿಲ್ಲ.

ಇದು ಕಷ್ಟದ ಪ್ರಕರಣ, ಆದರೂ ಕೈಬಿಡುವಂಥದ್ದಲ್ಲ. ನಾಲ್ಕು ಕೆಂಪು ಷರಾ, ಅಂದರೆ ಕೆಂಪು ಶಾಯಿಯಲ್ಲಿ ಬರೆದ ಶಿಕ್ಷೆಯ ನಮೂದು, ಬಿದ್ದ ಮಾತ್ರಕ್ಕೆ ಯಾಂತ್ರಿಕವಾಗಿ ಕಳಿಸುವಂತಿಲ್ಲ, ಸೇವೆಯ ಅವಧಿ, ಕಠಿಣ ಜಾಗಗಳಲ್ಲಿ ದುಡಿದದ್ದು ಎಲ್ಲವನ್ನೂ ತೂಗಿ ನೋಡಬೇಕೆಂದು 2015ರ ವೀರೇಂದ್ರ ಕುಮಾರ್ ದುಬೆ ತೀರ್ಪು ಹೇಳಿದೆ. ನೀವು ಮಾಡಬೇಕಾದದ್ದು ಎರಡು ದಿನಾಂಕಪಟ್ಟಿಗಳನ್ನು ಒಂದರ ಪಕ್ಕ ಒಂದಿಡುವುದು: ಒಂದರಲ್ಲಿ ಶಿಕ್ಷೆಗಳು, ಇನ್ನೊಂದರಲ್ಲಿ ಎಂ.ಐ. ರೂಮಿಗೆ, ಅಂದರೆ ಘಟಕದ ಚಿಕಿತ್ಸಾ ಕೊಠಡಿಗೆ, ಹೋದದ್ದು, ಆಸ್ಪತ್ರೆಯಲ್ಲಿದ್ದದ್ದು, ನಿದ್ದೆಯ ಗುಳಿಗೆ ಬರೆದದ್ದು. ಮೊದಲ ಎಂಟು ವರ್ಷ ಒಂದೂ ಷರಾ ಇಲ್ಲದವನಿಗೆ ಕಾಯಿಲೆ ಎದ್ದ ಹದಿನೆಂಟು ತಿಂಗಳಲ್ಲಿ ನಾಲ್ಕು ಬಿದ್ದಿವೆ ಎಂದು ಪಟ್ಟಿ ತೋರಿಸಿದರೆ, ಉದ್ದದ ವಾದ ಬೇಕಾಗುವುದಿಲ್ಲ. ಕೋರುವುದು III(v)ರ ಬಿಡುಗಡೆಯನ್ನು III(iii)ಕ್ಕೆ ಬದಲಿಸಬೇಕೆಂದು.

ರಜಾ ಮುಗಿದ ಮ್ಯಾಲ ಹೋಗಲೇ ಇಲ್ಲ. ಮನ್ಯಾಗ ಮೂಲಿ ಹಿಡದು ಕುಂತಿದ್ದ. ಈಗ ಡೆಸರ್ಟರ್ ಅಂತಾರ.

ಅನುಮತಿಯಿಲ್ಲದೆ 30 ದಿನ ಗೈರಾದರೆ ಸೇನಾ ಕಾಯ್ದೆಯ 106ನೇ ಕಲಮಿನಡಿ ವಿಚಾರಣಾ ನ್ಯಾಯಾಲಯ ಕೂಡಿ ಗೈರುಹಾಜರಿಯನ್ನು ದಾಖಲಿಸುತ್ತದೆ. ಅವನನ್ನು ಹಿಡಿದುಕೊಡುವಂತೆ ಘಟಕದಿಂದ ಜಿಲ್ಲಾ ಪೊಲೀಸರಿಗೆ ಪತ್ರ ಬರುತ್ತದೆ, ಪೊಲೀಸರು ಮನೆಗೂ ಬಂದು ಹೋಗುತ್ತಾರೆ. ಆಗ ಮನೆಯವರು ಠಾಣೆಯಲ್ಲಿ ಏನು ಬರೆದುಕೊಟ್ಟರು ಎಂಬುದು ಈಗ ಬಹಳ ಮುಖ್ಯ. "ಮಗನಿಗೆ ಆರಾಮಿಲ್ಲ, ಯಾರ ಜೊತೆಗೂ ಮಾತಾಡುತ್ತಿಲ್ಲ" ಎಂದು ತಂದೆ ಹೆಬ್ಬೆಟ್ಟು ಒತ್ತಿದ ಒಂದು ಹೇಳಿಕೆ ಠಾಣೆಯಲ್ಲಿ ಸಿಕ್ಕರೆ, ಓಡಿಹೋಗುವ ಉದ್ದೇಶವಿರಲಿಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಅಪರೂಪ. ಘಟಕಕ್ಕೆ ಕಳಿಸಿದ ಪತ್ರ, ತಾಲೂಕು ಆಸ್ಪತ್ರೆಯ ಹೊರರೋಗಿ ಚೀಟಿಯನ್ನೂ ಹುಡುಕಿ. ಇನ್ನೂ ಡಿಸ್ಮಿಸ್ ಆಗಿಲ್ಲದಿದ್ದರೆ ವಕೀಲರನ್ನು ಕೇಳಿಕೊಂಡು, ಚಿಕಿತ್ಸೆಯ ಕಾಗದದೊಂದಿಗೆ ಹಾಜರಾಗಿ ಸೇನಾ ಆಸ್ಪತ್ರೆಯ ತಪಾಸಣೆಗೆ ಕೋರುವುದು ಒಳ್ಳೆಯ ದಾರಿ.

"ನನಗ ನೌಕರಿ ಬ್ಯಾಡ" ಅಂತ ತಾನೇ ಸಹಿ ಹಾಕಿ ಬಂದಾನ.

ಸಹಿ ಹಾಕಿದ ಹೊತ್ತಿಗೆ ಅವರ ವೈದ್ಯಕೀಯ ದರ್ಜೆ ಏನಿತ್ತು ಎಂಬುದನ್ನು ನೋಡಿ. ಅಂಗವೈಕಲ್ಯವಿದ್ದೂ ಸೇವೆಯಲ್ಲಿ ಉಳಿಸಿಕೊಂಡು, ಮುಂದೆ ಸ್ವಇಚ್ಛೆಯಿಂದ ನಿವೃತ್ತರಾದವರಿಗೂ ಪಿಂಚಣಿಯ ಅಂಗವೈಕಲ್ಯದ ಅಂಶ ಕೊಡಬಹುದೆಂದು ರಕ್ಷಣಾ ಸಚಿವಾಲಯದ 29 ಸೆಪ್ಟೆಂಬರ್ 2009ರ ಪತ್ರ ಹೇಳುತ್ತದೆ. ಕಾಯಿಲೆಗೂ ಸೇವೆಗೂ ಸಂಬಂಧವಿದೆಯೆಂದು ಅಲ್ಲಿಯೂ ತೋರಿಸಬೇಕು.

ಆತಗ ಸಹಿ ಹಾಕೋ ಸ್ಥಿತಿ ಇಲ್ಲ. ಒಬ್ಬರು ತೀರಿಕೊಂಡೇ ಬಿಟ್ಟಾರ. ಹೆಂಡತಿ, ತಾಯಿ ಅರ್ಜಿ ಹಾಕಬಹುದೇನು?

ಹಾಕಬಹುದು. ನ್ಯಾಯಮಂಡಳಿ ಕಾಯ್ದೆಯ 2ನೇ ಕಲಮು ನಿವೃತ್ತರ ಅವಲಂಬಿತರು, ವಾರಸುದಾರರಿಗೂ ಅನ್ವಯಿಸುತ್ತದೆ. ತೀರಿಕೊಂಡಿದ್ದರೆ ಮರಣಪತ್ರ ಮತ್ತು ತಹಶೀಲ್ದಾರರ ವಂಶವೃಕ್ಷ ಬೇಕು. ಬದುಕಿದ್ದು ವ್ಯವಹಾರ ನೋಡಿಕೊಳ್ಳಲಾಗದಿದ್ದರೆ, ವೈದ್ಯರ ಪ್ರಮಾಣಪತ್ರದೊಂದಿಗೆ ಹತ್ತಿರದ ಬಂಧು ಅವರ ಪರವಾಗಿ ಅರ್ಜಿ ಸಲ್ಲಿಸಲು ಅನುಮತಿ ಕೇಳಬೇಕು.

ನಮ್ಮವ ಸಿ.ಆರ್.ಪಿ.ಎಫ್.ನಾಗ ಇದ್ದ. ಇನ್ನೊಬ್ಬ ಅಗ್ನಿವೀರ. ಅವರಿಗೂ ಇದೇನಾ?

ಸಿ.ಆರ್.ಪಿ.ಎಫ್., ಬಿ.ಎಸ್.ಎಫ್. ಮುಂತಾದ ಪಡೆಗಳು ಗೃಹ ಸಚಿವಾಲಯಕ್ಕೆ ಸೇರಿದವು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅವರಿಗೆ ಅನ್ವಯಿಸುವುದಿಲ್ಲ. ಇಲಾಖೆಯ ಮೇಲ್ಮನವಿ ಮುಗಿಸಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಬರಬೇಕು, ಅವರಿಗೆ ಕಲಬುರಗಿ ಪೀಠವೇ ಹತ್ತಿರ. ಅಗ್ನಿವೀರರಿಗೆ ಪಿಂಚಣಿಯಿಲ್ಲ, ಅಂಗವೈಕಲ್ಯ ಸೇವೆಯಿಂದ ಬಂದಿದ್ದರೆ ಅಥವಾ ಹೆಚ್ಚಿದ್ದರೆ, ಶೇ 100, 75, 50ಕ್ಕೆ ಅನುಕ್ರಮವಾಗಿ 44, 25, 15 ಲಕ್ಷ ರೂಪಾಯಿ ಒಮ್ಮೆಗೇ ಸಿಗುತ್ತದೆ. ಆದ್ದರಿಂದ ಸಂಬಂಧದ ಆ ಸಾಲು ಅವರಿಗೂ ಅಷ್ಟೇ ಮುಖ್ಯ.

ಮರುಪರಿಶೀಲನಾ ಬೋರ್ಡಿಗೆ ಕರದಾರ. ಅಲ್ಲಿ ಏನು ಹೇಳಬೇಕು, ಏನು ಒಯ್ಯಬೇಕು?

ಚಿಕಿತ್ಸೆಯ ಎಲ್ಲ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಮೂಲವೂ ನಕಲೂ ಬೇರೆ ಬೇರೆಯಾಗಿ ಒಯ್ಯಿರಿ. ಕಾಯಿಲೆಯನ್ನು ಮೊದಲಿನಿಂದ ಕಂಡ ಒಬ್ಬರು ಜೊತೆಗಿರಲಿ. ಬಹಳ ಸಲ ಅದು ಹೆಂಡತಿಯೋ ಅಕ್ಕನೋ ಆಗಿರುತ್ತಾರೆ. ಕಾಯಿಲೆ ಎದ್ದುಕಾಣಲೆಂದು ಗುಳಿಗೆ ನಿಲ್ಲಿಸಿ ಕರೆದೊಯ್ಯುವವರಿದ್ದಾರೆ. ಅದು ಜೀವಕ್ಕೆ ಅಪಾಯ, ವೈದ್ಯರಿಗೆ ತಿಳಿಯುವುದೂ ಕಷ್ಟವಲ್ಲ. ಮನೆತನದಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದು ಖಂಡಿತ ಕೇಳುತ್ತಾರೆ. ನಿಜವನ್ನೇ ಹೇಳಿ, ಆದರೆ ಊರಿನ ಊಹಾಪೋಹವನ್ನು ಚರಿತ್ರೆಯೆಂದು ಬರೆಸಬೇಡಿ. "ಅಜ್ಜ ಸ್ವಲ್ಪ ಸಿಟ್ಟಿನ ಮನುಷ್ಯ" ಎಂದು ಸುಮ್ಮನೆ ಆಡಿದ ಮಾತು ಅನುವಂಶೀಯ ಕಾಯಿಲೆ ಎಂದು ದಾಖಲಾಗಿಬಿಡಬಹುದು. ನಡಾವಳಿಗೆ ಸಹಿ ಹಾಕುವ ಮುಂಚೆ ನಿಮಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲು ಕೇಳಿ, ಊರಿಗೆ ಮರಳಿದ ವಾರದಲ್ಲಿಯೇ ಅದರ ಪ್ರತಿಗಾಗಿ ರೆಕಾರ್ಡ್ಸ್ ಕಚೇರಿಗೆ ಪತ್ರ ಬರೆಯಿರಿ.